ಬಿಸಿ ರೊಟ್ಟಿ, ಹೂರಣದ ಹೋಳಿಗೆ: ವಾಸ್ತುಶಾಂತಿಯ ಊಟಕ್ಕೆ ವಿಜಯಪುರದ ಒಂದು ಅಡುಗೆ ತಂಡ

ವಿಜಯಪುರದಲ್ಲಿ ಹೊಸ ಮನೆಯ ವಾಸ್ತುಶಾಂತಿ ಮಾಡುವವರು ಊಟದ ವ್ಯವಸ್ಥೆಗೆ ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ತಟ್ಟೆಯ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುವ ಕ್ಯಾಟರಿಂಗ್‌ನವರಿಗೆ ಎಲ್ಲವನ್ನೂ ಒಪ್ಪಿಸುವುದು ಒಂದು; ಕಿರಾಣಿ, ತರಕಾರಿ ನಾವೇ ತಂದುಕೊಟ್ಟು ಅಡುಗೆಯವರನ್ನು ಮನೆಗೇ ಕರೆಸಿ ಮಾಡಿಸುವುದು ಇನ್ನೊಂದು. ಸೊಲ್ಲಾಪುರ ರಸ್ತೆಯ ಕಡೆಯ ಹೊಸ ಬಡಾವಣೆಯಲ್ಲಿ ಫಾಲ್ಗುಣ ಮಾಸದಲ್ಲಿ ನಡೆದ ನಮ್ಮ ಮನೆಯ ವಾಸ್ತುಶಾಂತಿಗೆ ನಾವು ಎರಡನೆಯದನ್ನು ಆರಿಸಿಕೊಂಡೆವು. ರೊಟ್ಟಿ ಕೇಂದ್ರ ನಡೆಸುವ ನಾಲ್ವರು ಹೆಣ್ಣುಮಕ್ಕಳು, ಅವರ ಜೊತೆಗೆ ಸದಾ ಕೆಲಸ ಮಾಡುವ ಇಬ್ಬರು ಅಡುಗೆಯವರು ಮತ್ತು ಬಡಿಸುವ ಕೆಲವು ಹುಡುಗರು ಸೇರಿದ ಸಣ್ಣ ತಂಡವದು. ಹಲಗೆ ಹಾಕಿಕೊಳ್ಳದೆ ಮನೆಯಿಂದಲೇ ನಡೆಸುವ ಉದ್ಯೋಗವಾದ್ದರಿಂದ ಅವರ ಹೆಸರು, ವಿಳಾಸ ಬರೆಯುತ್ತಿಲ್ಲ. ಇಂಥ ತಂಡಗಳು ಜಿಲ್ಲೆಯಲ್ಲಿ ಬೇರೆಯೂ ಇವೆ. ಅವರನ್ನು ಕರೆಸುವವರು ಏನನ್ನು ನಿರೀಕ್ಷಿಸಬಹುದು, ಯಾವುದನ್ನು ಮೊದಲೇ ಮಾತಾಡಿ ಮುಗಿಸಬೇಕು ಎಂಬುದು ಈ ಬರಹದಿಂದ ತಿಳಿದರೆ ಸಾಕು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಇನ್ನೂರು ಇನ್ನೂರೈವತ್ತು ಜನರ ಊಟಕ್ಕೆ ಇವರ ಕೈರುಚಿಯನ್ನು ಮೀರಿಸುವುದು ಕಷ್ಟ; ಅದಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಾದರೆ ಬಡಿಸುವ ಕೆಲಸಕ್ಕೆ ಬೇರೆ ಏರ್ಪಾಡು ಮಾಡಿಕೊಳ್ಳಲೇಬೇಕು.

ವಾಸ್ತುಶಾಂತಿಯ ಊಟಕ್ಕೂ ಮದುವೆಯ ಊಟಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿದರೆ ಈ ಆಯ್ಕೆಯ ಕಾರಣ ಗೊತ್ತಾಗುತ್ತದೆ. ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಕೂಡಲೇ ಎಲ್ಲರೂ ಒಮ್ಮೆಲೇ ಊಟಕ್ಕೆ ಏಳುತ್ತಾರೆ. ವಾಸ್ತುಶಾಂತಿಗೆ ಹಾಗಲ್ಲ, ನಸುಕಿನ ಪೂಜೆಗೆ ಮನೆಯವರು ಮತ್ತು ಹತ್ತಿರದ ಬೀಗರು, ಮಧ್ಯಾಹ್ನಕ್ಕೆ ಓಣಿಯವರು, ಕಚೇರಿ ಬಿಟ್ಟ ಮೇಲೆ ಜೊತೆಗೆ ಕೆಲಸ ಮಾಡುವವರು, ನಡುನಡುವೆ ಆಯೇರಿ ತಂದ ಹಳ್ಳಿಯ ಸಂಬಂಧಿಕರು, ಹೀಗೆ ದಿನವಿಡೀ ಜನ ಬರುತ್ತಲೇ ಇರುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಮಾಡಿಟ್ಟ ಅಡುಗೆಯನ್ನು ಸಂಜೆಯವರೆಗೆ ಬಿಸಿನೀರಿನ ಪಾತ್ರೆಯ ಮೇಲೆ ಕಾಯಿಸುತ್ತಾ ಇಟ್ಟರೆ ಕೊನೆಗೆ ಬಂದವರಿಗೆ ಸಿಗುವುದು ಬರೀ ಬಿಸಿ, ರುಚಿಯಲ್ಲ. ಜನ ಬಂದಂತೆ ಹಂಚಿನ ಮೇಲಿಂದ ರೊಟ್ಟಿ ತೆಗೆದುಕೊಡುವವರು ಮನೆಯಲ್ಲೇ ಇದ್ದರೆ ಆ ತೊಂದರೆ ಅರ್ಧ ತಪ್ಪುತ್ತದೆ.

ಮಾತುಕತೆಗೆ ಬಂದ ದಿನ ತಂಡದ ಹಿರಿಯ ಹೆಣ್ಣುಮಗಳು ಊಟದ ಪಟ್ಟಿ ಕೇಳುವುದಕ್ಕೆ ಮೊದಲು ಒಂದು ಲೋಟ ನೀರು ಕೇಳಿದರು. ಬಾಯಾರಿಕೆಗಲ್ಲ, ನೀರಿನ ರುಚಿ ನೋಡುವುದಕ್ಕೆ. ಬಾಯಿಗೆ ಹಾಕಿ ಮುಕ್ಕಳಿಸಿ, "ಅಕ್ಕಾರ, ಈ ನೀರಾಗ ಬ್ಯಾಳಿ ಕುದಿಯೂದಿಲ್ಲರಿ, ಹೊಳಿ ನೀರು ತರಸ್ರಿ" ಎಂದರು. ನಮ್ಮ ಬಡಾವಣೆಗೆ ನಗರದ ನಳ ಇನ್ನೂ ಬಂದಿಲ್ಲ, ಇರುವುದು ಬೋರಿನ ಗಡಸು ನೀರು. ಅದರಲ್ಲಿರುವ ಸುಣ್ಣದ ಅಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಎಷ್ಟು ಹೊತ್ತು ಕುದಿಸಿದರೂ ಕಡಲೆಬೇಳೆಯ ನಡುವೆ ಕಾಳು ಉಳಿಯುತ್ತದೆ, ಅಂಥ ಬೇಳೆಯಿಂದ ನುಣುಪಾದ ಹೂರಣ ಬರುವುದಿಲ್ಲ. ಆದ್ದರಿಂದ ಕೊಲ್ಹಾರದ ಕಡೆಯಿಂದ ನಗರಕ್ಕೆ ಬರುವ ಕೃಷ್ಣೆಯ ನೀರನ್ನು ಅಡುಗೆಗೆಂದು ಸಂಬಂಧಿಕರ ಮನೆಯ ನಳದಿಂದ ತುಂಬಿಸಿ ತರಿಸಿದೆವು; ಕುಡಿಯಲು ಮಾತ್ರ ಶುದ್ಧ ನೀರಿನ ಘಟಕದ 20 ಲೀಟರಿನ ಕ್ಯಾನುಗಳನ್ನು ಇಟ್ಟೆವು. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರಿಗೆ ಈ ಒಂದು ಮಾತು ಬಹಳ ಮುಖ್ಯ. ಹೂರಣ ಸರಿಯಾಗದಿದ್ದಾಗ ಅಡುಗೆಯವರನ್ನು ದೂರುವವರು ನೀರನ್ನು ನೋಡುವುದೇ ಇಲ್ಲ.

ಇನ್ನು ರೊಟ್ಟಿಯ ವಿಷಯ. ಜೋಳದ ಹಿಟ್ಟಿಗೆ ಗೋಧಿಯಂತೆ ಎಳೆದರೆ ಹಿಗ್ಗುವ ಗುಣವಿಲ್ಲ. ಅದನ್ನು ಒಂದುಗೂಡಿಸುವುದು ಕುದಿಯುವ ಎಸರು. ಆ ಎಸರಿಗೆ ಹಿಟ್ಟಿನ ಜಿಗಿ ಬಿಡಬೇಕಾದರೆ ಹಿಟ್ಟು ಹೊಸದಾಗಿರಬೇಕು, ಹಳೆಯ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಹರಿಯುತ್ತದೆ. ಈ ತಂಡದವರು ಅಂಗಡಿಯ ಚೀಲದ ಹಿಟ್ಟನ್ನು ಮುಟ್ಟಲಿಲ್ಲ. ಆಗಷ್ಟೇ ರಾಶಿಯಾಗಿ ಬಂದಿದ್ದ ಹಿಂಗಾರಿಯ ಮಾಲದಂಡಿ ಜೋಳವನ್ನೇ ಕೊಡಬೇಕೆಂದು ಕೇಳಿ, ಹಿಂದಿನ ದಿನ ಸಂಜೆ ಗಿರಣಿಗೆ ಹಾಕಿಸಿಕೊಂಡು ಬಂದರು. ಅವರ ಕೆಲಸವನ್ನು ಹತ್ತಿರ ನಿಂತು ನೋಡುವುದೇ ಒಂದು ಸಂತೋಷ. ಪರಾತದಲ್ಲಿ ಹಿಟ್ಟಿನ ನಡುವೆ ಗುಳಿ ಮಾಡಿ, ಎಸರು ಸುರಿದು ಕಟ್ಟಿಗೆಯಿಂದ ತಿರುವಿ, ಕೈ ತಡೆಯುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಉಂಡೆಯನ್ನು ಒಣ ಹಿಟ್ಟಿನ ಮೇಲೆ ಇಟ್ಟು ಬಡಿಯುವಾಗ ಬಲಗೈ ಬೀಳುವ ಪ್ರತಿ ಏಟಿಗೂ ರೊಟ್ಟಿ ತಾನೇ ಸ್ವಲ್ಪ ಸ್ವಲ್ಪ ತಿರುಗುತ್ತಾ ಅಗಲವಾಗುತ್ತದೆ. ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರಿ, ಆ ನೀರು ಆರುವುದರೊಳಗೆ ಮಗುಚಿ, ಕೊನೆಗೆ ಉರಿಗೆ ಒಡ್ಡಿ ಉಬ್ಬಿಸುತ್ತಾರೆ. ನೀರು ಸವರುವುದು ತಡವಾದರೆ ರೊಟ್ಟಿ ಬಿರುಕು ಬಿಡುತ್ತದೆ, ಮಗುಚುವುದು ತಡವಾದರೆ ಉಬ್ಬುವುದಿಲ್ಲ. ಅಂದು ಮಧ್ಯಾಹ್ನ ನಾಲ್ಕು ಹಂಚುಗಳಿಂದ ಬಂದ ರೊಟ್ಟಿಗಳಲ್ಲಿ ಉಬ್ಬದೆ ಉಳಿದದ್ದನ್ನು ನಾನು ಹೆಚ್ಚು ಕಾಣಲಿಲ್ಲ.

ಆದರೆ ನಾಲ್ಕು ಹಂಚುಗಳಿಗೂ ಒಂದು ಮಿತಿ ಇದೆ. ದೊಡ್ಡ ಪಂಕ್ತಿಗೆ ಎಲ್ಲರ ತಟ್ಟೆಗೂ ಬಿಸಿ ರೊಟ್ಟಿಯನ್ನೇ ಎರಡನೆಯ ಸಲ ಕೊಡುವುದು ಸಾಧ್ಯವಾಗುವುದಿಲ್ಲ. ಇದನ್ನು ಅವರೇ ಮುಂಚಿತವಾಗಿ ತಿಳಿಸಿ, ಕೇಂದ್ರದಲ್ಲಿ ಮಾಡಿಟ್ಟಿದ್ದ ಕಡಕ್ ರೊಟ್ಟಿಯನ್ನೂ ಲೆಕ್ಕ ಮಾಡಿ ತಂದಿದ್ದರು. ಮೊದಲು ಬಿಸಿ ರೊಟ್ಟಿ, ಆಮೇಲೆ ಕೇಳಿದವರಿಗೆ ಕಡಕ್ ರೊಟ್ಟಿ ಎಂಬ ಕ್ರಮ ಚೆನ್ನಾಗಿ ಹೊಂದಿತು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರು ಇದ್ದರೆ ಕಡಕ್ ರೊಟ್ಟಿಯನ್ನೇ ಇಷ್ಟಪಡುವ ಹಿರಿಯರು ನಮ್ಮ ಕಡೆ ಬಹಳ.

ಹೋಳಿಗೆಗೆ ಮಹಾಲಿಂಗಪುರದ ಬೆಲ್ಲವನ್ನು ನಾವೇ ತರಿಸಿಕೊಟ್ಟಿದ್ದೆವು. ಬೇಳೆಯ ಸಮತೂಕಕ್ಕೆ ಬೆಲ್ಲ ಹಾಕುವುದು ಇವರ ಪದ್ಧತಿ. ಕಣಕ ತೆಳ್ಳಗಿತ್ತು, ಹೂರಣ ಅಂಚಿನವರೆಗೂ ಹರಡಿತ್ತು, ಏಲಕ್ಕಿ, ಜಾಜಿಕಾಯಿ ಹದವಾಗಿದ್ದವು. ಮೊದಲ ಹೋಳಿಗೆಗಳನ್ನು ಯಾರೂ ಹೇಳುವ ಮೊದಲೇ ದೇವರ ಎಡೆಗೆಂದು ತೆಗೆದಿಟ್ಟು, ಅಯ್ಯನವರ ಊಟ ಮುಗಿಯುವವರೆಗೆ ಮಿಕ್ಕವುಗಳನ್ನು ಮುಚ್ಚಿಯೇ ಇಟ್ಟರು. ಹೊಸ ಮನೆಯ ಮೊದಲ ಅಡುಗೆಯಲ್ಲಿ ಇಷ್ಟು ಎಚ್ಚರ ವಹಿಸಿದ್ದು ನಮ್ಮ ಅತ್ತೆಯವರಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಮಡಿಯ ಅಡುಗೆಯೇ ಬೇಕೆನ್ನುವ ಮನೆಗಳವರು ಮಾತ್ರ ಬೇರೆ ಭಟ್ಟರನ್ನು ನೋಡಿಕೊಳ್ಳಬೇಕಾಗುತ್ತದೆ, ಇವರು ಅದನ್ನು ಒಪ್ಪಿಕೊಳ್ಳುವುದಿಲ್ಲ.

ಕಟ್ಟಿನ ಸಾರಿನಲ್ಲಿ ಒಂದು ಕೊರತೆ ಎದ್ದು ಕಂಡಿತು. ಮಧ್ಯಾಹ್ನ ಬಡಿಸಿದ ಸಾರು ಹುರಿದ ಕೊಬ್ಬರಿಯ ಘಮ, ಹುಣಸೆಯ ಹುಳಿ, ಬೆಲ್ಲದ ಎಳೆ ಎಲ್ಲವೂ ಕೂಡಿ ಬಂದು, ಅನ್ನ ಬಿಟ್ಟು ಬಟ್ಟಲಲ್ಲಿ ಕುಡಿಯುವಂತಿತ್ತು. ಸಂಜೆಯ ಪಂಕ್ತಿಗೆ ಬಂದದ್ದು ನೀರು ಬೆರೆಸಿ ಖಾರ ಹೆಚ್ಚಿಸಿದ ಸಾರು. ಇದಕ್ಕೆ ಕಾರಣ ಸರಳ. ಜನ ಹೆಚ್ಚಾದರೆ ರೊಟ್ಟಿ ಇನ್ನಷ್ಟು ಬಡಿಯಬಹುದು, ಅನ್ನ ಇನ್ನೊಮ್ಮೆ ಇಡಬಹುದು. ಆದರೆ ಕಟ್ಟು ಬೇಯಿಸಿದ ಬೇಳೆಯಿಂದ ಬಸಿದಷ್ಟೇ ಬರುತ್ತದೆ, ಹೂರಣ ರುಬ್ಬಿದ ಮೇಲೆ ಅದನ್ನು ಹೆಚ್ಚಿಸುವ ದಾರಿಯಿಲ್ಲ. ಸಂಜೆಗೆ ಬರುವವರ ಸಂಖ್ಯೆಯನ್ನು ನಾವು ಹೇಳಿಯೇ ಇದ್ದೆವು, ಬೇಳೆಯನ್ನೂ ಅವರು ಬರೆದುಕೊಟ್ಟಷ್ಟೇ ತಂದಿದ್ದೆವು. ಒಂದೆರಡು ಕಿಲೋ ಬೇಳೆ ಹೆಚ್ಚು ಬೇಯಿಸಿ, ಒಂದು ಹಿಡಿ ಬೇಳೆಯನ್ನು ಅರೆದು ಸಾರಿಗೆ ಸೇರಿಸಿದ್ದರೆ ಮೈ ಕೂಡಿಕೊಳ್ಳುತ್ತಿತ್ತು. ಇಷ್ಟು ಅನುಭವ ಇರುವವರಿಂದ ಇದನ್ನು ನಿರೀಕ್ಷಿಸುವುದು ಹೆಚ್ಚಲ್ಲ.

ಉಳಿದ ಅಡುಗೆಯ ಬಗ್ಗೆ ಸಂಕ್ಷಿಪ್ತವಾಗಿ ಹೇಳಬಹುದು. ಬೆಳಿಗ್ಗೆಯ ಶಿರಾ ಮತ್ತು ಉಪ್ಪಿಟ್ಟು ಚೆನ್ನಾಗಿದ್ದವು. ಬದನೆಕಾಯಿ ಎಣಗಾಯಿಯಲ್ಲಿ ಮಸಾಲೆ ಒಳಗಿನವರೆಗೆ ಇಳಿದಿತ್ತು, ಎಣ್ಣೆ ಮಾತ್ರ ಬೇಕಾದದ್ದಕ್ಕಿಂತ ಹೆಚ್ಚು. ಮಡಕಿಕಾಳಿನ ಪಲ್ಯ, ಹಸಿ ಮೆಂತೆ ಮತ್ತು ಉಳ್ಳಾಗಡ್ಡಿಯ ಪಚಡಿ ಯಾವ ದೂರಿಗೂ ಎಡೆಮಾಡಲಿಲ್ಲ. ಖಾರ ತಿನ್ನಲಾಗದ ಮುದುಕರಿಗೆ, ಸಣ್ಣ ಮಕ್ಕಳಿಗೆಂದು ಸಪ್ಪೆ ಬೇಳೆ ಬೇರೆ ಮಾಡಿಡುವ ರೂಢಿ ಇವರಿಗಿಲ್ಲ. ಬೇಕಾದವರು ಮೊದಲೇ ಹೇಳಬೇಕು.

ಬಡಿಸುವ ಕೆಲಸ ತಂಡದ ದುರ್ಬಲ ಭಾಗ. ಅಡುಗೆಮನೆಯ ಶಿಸ್ತು ಪಂಕ್ತಿಯಲ್ಲಿ ಕಾಣುವುದಿಲ್ಲ. ಹುಡುಗರು ಪಂಕ್ತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಲೇ ನೀಡುತ್ತಾರೆ, ಕೇಳಿದವರ ಮುಖ ನೋಡುವುದಿಲ್ಲ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡುವುದಂತೂ ದೂರದ ಮಾತು. ಒತ್ತಾಯವಿಲ್ಲದ ಊಟವನ್ನು ನಮ್ಮ ಕಡೆ ಊಟವೆಂದು ಯಾರೂ ಒಪ್ಪುವುದಿಲ್ಲ. ರೊಟ್ಟಿ ಬಡಿಯುತ್ತಿದ್ದ ಹಿರಿಯ ಹೆಣ್ಣುಮಗಳೇ ಕುಳಿತಲ್ಲಿಂದ, "ತಮ್ಮಾ, ಬಿಸಿ ಇದ್ದಾಗ ಒಯ್ದು ನೀಡ್ರಿ, ನಿಂತು ಕೇಳಿ ನೀಡ್ರಿ" ಎಂದು ಕೂಗಬೇಕಾಯಿತು. ಕೊನೆಗೆ ನಮ್ಮ ಮೈದುನ, ಅಕ್ಕನ ಮಕ್ಕಳು ತುಪ್ಪದ ಗಿಂಡಿ, ಹೋಳಿಗೆಯ ಬುಟ್ಟಿ ಹಿಡಿದು ಪಂಕ್ತಿಗೆ ಇಳಿದ ಮೇಲೆಯೇ ಊಟಕ್ಕೆ ಕಳೆ ಬಂದಿತು. ಆದ್ದರಿಂದ ತುಪ್ಪ, ಹೋಳಿಗೆ ಮತ್ತು ಎರಡನೆಯ ಸಲದ ರೊಟ್ಟಿಯನ್ನು ಮನೆಯವರೇ ನೀಡುವಂತೆ ಮೊದಲೇ ಹಂಚಿಕೊಂಡಿರುವುದು ಒಳ್ಳೆಯದು.

ಹೊಸ ಮನೆಯನ್ನು ಇವರು ಕಾಪಾಡಿದ ರೀತಿಗೆ ಪೂರ್ಣ ಅಂಕ ಕೊಡುತ್ತೇನೆ. ಹಿತ್ತಲಿನಲ್ಲಿ ಭಟ್ಟಿ ಹಚ್ಚುವ ಮೊದಲು ಬಣ್ಣ ಹಚ್ಚಿದ ಗೋಡೆಗೆ ತಗಡು ನಿಲ್ಲಿಸಿದರು. ಅರಿಶಿನ, ಎಣ್ಣೆಯ ಕಲೆ ಹೊಸ ಫರಸಿಗೆ ಹಿಡಿಯಬಾರದೆಂದು ಅಡುಗೆ ನಡೆದಷ್ಟೂ ಜಾಗಕ್ಕೆ ತಾಡಪತ್ರಿ ಹಾಸಿದರು. ಗ್ಯಾಸ್ ಕೂಡ ಮನೆಬಳಕೆಯ 14.2 ಕಿಲೋ ಸಿಲಿಂಡರ್ ಅಲ್ಲ, ನಿಯಮದಂತೆ 19 ಕಿಲೋದ ವಾಣಿಜ್ಯ ಸಿಲಿಂಡರುಗಳನ್ನೇ ತಂದಿದ್ದರು. ಕೇಳಿದಾಗ ಆಹಾರ ಸುರಕ್ಷತಾ ನೋಂದಣಿಯ 14 ಅಂಕಿಗಳ ಸಂಖ್ಯೆಯನ್ನು ತೋರಿಸಿದರು. ಪ್ಲಾಸ್ಟಿಕ್ ತಟ್ಟೆ, ಲೋಟಗಳ ಮಾತೇ ಇರಲಿಲ್ಲ. ಭಾಂಡೆ ಅಂಗಡಿಯಿಂದ ಬಾಡಿಗೆಗೆ ತಂದ ಸ್ಟೀಲ್ ತಟ್ಟೆಗಳಲ್ಲೇ ಎಲ್ಲ ಪಂಕ್ತಿಗಳು ನಡೆದವು. ಅವುಗಳನ್ನು ತೊಳೆಯುವವರ ಕೂಲಿ ಮಾತ್ರ ಬೇರೆ, ಅದು ಇವರ ಲೆಕ್ಕದಲ್ಲಿ ಸೇರುವುದಿಲ್ಲ.

ಲೆಕ್ಕ ಸ್ಪಷ್ಟವಾಗಿತ್ತು. ರೊಟ್ಟಿಗೆ ಎಣಿಕೆಯ ದರ, ಹೋಳಿಗೆಗೆ ಬೇಳೆಯ ಕಿಲೋ ದರ, ಅಡುಗೆಯವರಿಗೆ ದಿನದ ಪಗಾರ, ಗ್ಯಾಸಿಗೆ ಬಳಸಿದಷ್ಟು. ಉಳಿದ ಕಡಕ್ ರೊಟ್ಟಿಗಳನ್ನು ಎಣಿಸಿ ಹಿಂದಕ್ಕೆ ಪಡೆದು ಅಷ್ಟು ಹಣ ಕಳೆದರು. ಉಳಿದ ಅಕ್ಕಿ, ಬೆಲ್ಲ, ತುಪ್ಪವನ್ನು ತೂಗಿ ನಮ್ಮ ಕೈಗೆ ಕೊಟ್ಟರು. ಹೊರಡುವ ಮೊದಲು ನಾಲ್ವರೂ ಹೆಣ್ಣುಮಕ್ಕಳಿಗೆ ಗುಳೇದಗುಡ್ಡದ ಖಣ ಇಟ್ಟು ಉಡಿ ತುಂಬಿದೆವು. ಹೊಸ ಒಲೆಯ ಮುಂದೆ ಮೊದಲು ಕುಳಿತು ದುಡಿದವರು ಬರಿಗೈಯಲ್ಲಿ ಹೋಗಬಾರದು ಎಂಬುದು ಅತ್ತೆಯವರ ಮಾತು, ನನಗೂ ಅದು ಸರಿಯೆನಿಸಿತು.

ಇವರನ್ನು ಗೊತ್ತುಮಾಡುವುದು ಅಷ್ಟು ಸುಲಭವಲ್ಲ. ಮಾಘದಿಂದ ಜ್ಯೇಷ್ಠದವರೆಗೆ ಮುಹೂರ್ತಗಳು ಒತ್ತೊತ್ತಾಗಿರುವುದರಿಂದ ಅಯ್ಯನವರಿಂದ ದಿನ ತೆಗೆಸಿದ ಕೂಡಲೇ ಇವರಿಗೂ ತಿಳಿಸಿ ಮುಂಗಡ ಕೊಡಬೇಕು. ಸಂಕ್ರಾಂತಿಯ ಸಮಯದಲ್ಲಿ, ಸಿದ್ಧೇಶ್ವರ ಜಾತ್ರೆ ನಡೆಯುವಾಗ, ತಂಡದ ಹೆಣ್ಣುಮಕ್ಕಳು ಹೊರಗಿನ ಕೆಲಸ ಹಿಡಿಯುವುದಿಲ್ಲ. ಮಾತುಕತೆಗೆ ಹೋಗುವವರು ಬರುವ ಜನರ ಅಂದಾಜನ್ನು ಹೊತ್ತಿಗೆ ತಕ್ಕಂತೆ, ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ಸಂಜೆ ಇಷ್ಟು ಎಂದು ಬಿಡಿಸಿ ಹೇಳಲಿ. ಸಂಜೆಯ ಸಾರಿಗೆ ಬೇಳೆ ಎಷ್ಟು ಎಂದು ಅಲ್ಲಿಯೇ ಬರೆಸಿಕೊಳ್ಳಲಿ.