ವಾಸ್‌ವ್ಯೂವರ್: ನಕ್ಷೆ ಚೆಂದ, ಓದುವಾಗ ಹುಷಾರು

ಗ್ರಂಥಾಲಯ ವಿಜ್ಞಾನದಲ್ಲಿ ಈಗ ಯಾವ ವಿಷಯದ ಸಂಶೋಧನೆ ಜಾಸ್ತಿ ನಡೀತಿದೆ ಅಂತ ಹೇಳುವ ಲೇಖನ ತೆರೆದರೆ, ಬಣ್ಣದ ಚುಕ್ಕೆಗಳ ನಕ್ಷೆ (ಒಂದೊಂದು ಚುಕ್ಕೆ ಒಂದೊಂದು ವಿಷಯಪದ, ಅಂದರೆ ಕೀವರ್ಡ್) ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ. ಅದನ್ನು ಬಿಡಿಸಿಕೊಡುವುದು ವಾಸ್‌ವ್ಯೂವರ್. ಲೈಡನ್ ವಿಶ್ವವಿದ್ಯಾಲಯದ ನೀಸ್ ಯಾನ್ ವಾನ್ ಎಕ್ ಮತ್ತು ಲೂಡೊ ವಾಲ್ಟ್‌ಮನ್ ರೂಪಿಸಿದ ತಂತ್ರಾಂಶ. 2010ರಲ್ಲಿ ಇದರ ಬಗ್ಗೆ ಅವರ ಲೇಖನ ಬಂತು. ದುಡ್ಡು ಕೊಡಬೇಕಿಲ್ಲ, ಕೋಡ್ ಬರೆಯಬೇಕಿಲ್ಲ. ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್ ಎಂಬ, ಚಂದಾ ಕೊಟ್ಟು ಬಳಸುವ ಸಂಶೋಧನಾ ಲೇಖನಗಳ ಡೇಟಾಬೇಸ್‌ಗಳಿಂದ ಇಳಿಸಿಕೊಂಡ ಫೈಲ್ ಕೊಟ್ಟರೆ ಸಾಕು. ಚಂದಾ ಇಲ್ಲದವರು ಅಂಥದ್ದೇ ಉಚಿತ ಡೇಟಾಬೇಸ್ ಆದ ಓಪನ್‌ಅಲೆಕ್ಸ್‌ನಿಂದಲೂ ಡೇಟಾ ತರಿಸಿಕೊಳ್ಳಬಹುದು.

ಸಂಶೋಧನಾ ವಿದ್ಯಾರ್ಥಿಗಳಿಗೆ ಇದನ್ನು ಹೇಳಿಕೊಡುವುದು ನನ್ನ ಕೆಲಸ. ಮೊದಲ ನಕ್ಷೆ ಬಂದಾಗ ಎಲ್ಲರಿಗೂ ಖುಷಿ. ಆಮೇಲೆ ನಾನು ಜೂಮ್ ಮಾಡಿ ತೋರಿಸುತ್ತೇನೆ. 'ಅಕಾಡೆಮಿಕ್ ಲೈಬ್ರರಿ' ಒಂದು ಚುಕ್ಕೆ, 'ಅಕಾಡೆಮಿಕ್ ಲೈಬ್ರರೀಸ್' ಪಕ್ಕದಲ್ಲೇ ಇನ್ನೊಂದು ಚುಕ್ಕೆ. 'ಕೋವಿಡ್-19', 'ಕೊರೊನಾವೈರಸ್' ಬೇರೆ ಬೇರೆ. ಇವು ಒಂದೇ ಅಂತ ತಂತ್ರಾಂಶಕ್ಕೆ ಹೇಗೆ ಗೊತ್ತಾಗಬೇಕು? ನಾವೇ ಹೇಳಬೇಕು. ಅದಕ್ಕೆ ಥೆಸಾರಸ್ ಫೈಲ್ ಇದೆ: ಎರಡೇ ಕಾಲಂ, ಒಂದರಲ್ಲಿ ಇರುವ ಪದ, ಇನ್ನೊಂದರಲ್ಲಿ ಅದರ ಬದಲಿಗೆ ಬೇಕಾದ ಪದ. ಬೇಜಾರಿನ ಕೆಲಸ, ನಿಜ. ಆದರೆ ಕ್ಯಾಟಲಾಗಿಂಗ್ ಓದಿದವರಿಗೆ ಇದು ಹೊಸದೇನಲ್ಲ, ಅಲ್ವಾ? ಈ ಫೈಲ್ ಮಾಡದೆ ಬಿಡಿಸಿದ ನಕ್ಷೆಯನ್ನು ನಾನು ನಂಬುವುದಿಲ್ಲ.

ನಕ್ಷೆಯಲ್ಲಿ ಕಾಣಲು ಪದ ಕನಿಷ್ಠ ಎಷ್ಟು ಸಲ ಬಂದಿರಬೇಕು ಅನ್ನುವುದೂ ನಮ್ಮ ಆಯ್ಕೆ. ಕೀವರ್ಡ್‌ಗಳಿಗೆ ಮೊದಲೇ 5 ಅಂತ ಇರುತ್ತದೆ. ಅದನ್ನು 10 ಮಾಡಿ ನೋಡಿ, ಹೊಸದಾಗಿ ತಲೆಯೆತ್ತುತ್ತಿರುವ ವಿಷಯಗಳೇ ಮೊದಲು ಮಾಯವಾಗಬಹುದು. ಟ್ರೆಂಡ್ ಹುಡುಕಲು ಹೊರಟವರಿಗೆ ಬೇಕಾಗಿದ್ದು ಅವೇ!

ಇನ್ನು ಓವರ್ಲೇ ನೋಟ, ಅಂದರೆ ಅದೇ ನಕ್ಷೆಗೆ ವರ್ಷದ ಪ್ರಕಾರ ಬಣ್ಣ ಹಚ್ಚಿ ತೋರಿಸುವುದು. ನೀಲಿ ಅಂದರೆ ಹಳೆಯದು, ಹಳದಿ ಅಂದರೆ ಹೊಸದು ಅಂತ ಥೀಸಿಸ್‌ಗಳಲ್ಲಿ ಸಲೀಸಾಗಿ ಬರೆದುಬಿಡುತ್ತಾರೆ. ಆ ಬಣ್ಣ ತೋರಿಸುವುದು ಲೇಖನಗಳ ಸರಾಸರಿ ಪ್ರಕಟಣಾ ವರ್ಷ. ನಕ್ಷೆಯ ಕೆಳಗಿನ ಬಣ್ಣದ ಪಟ್ಟಿ 2016ರಿಂದ 2019 ಅಂತಿದ್ದರೆ ನೀಲಿಗೂ ಹಳದಿಗೂ ಮೂರೇ ವರ್ಷದ ಅಂತರ. ಕೃತಕ ಬುದ್ಧಿಮತ್ತೆಯನ್ನೇ ತಗೊಳ್ಳಿ. 1980ರ ದಶಕದಲ್ಲೇ ಗ್ರಂಥಾಲಯಗಳವರು ಅದರ ಹಳೆಯ ರೂಪವಾದ ಎಕ್ಸ್‌ಪರ್ಟ್ ಸಿಸ್ಟಮ್ ಬಗ್ಗೆ ಬರೆಯುತ್ತಿದ್ದರು. ಆ ಹಳೆಯ ಲೇಖನಗಳೂ ಡೇಟಾದಲ್ಲಿದ್ದರೆ ಸರಾಸರಿ ಹಿಂದಕ್ಕೆ ಜಗ್ಗುತ್ತದೆ, ಇವತ್ತಿನ ಬಿಸಿಬಿಸಿ ವಿಷಯವೂ ಮಂಕಾಗಿ ಕಾಣಬಹುದು. ಹಾಗಾಗಿ ವರ್ಷವಾರು ಲೆಕ್ಕದ ಒಂದು ಕೋಷ್ಟಕ ಜೊತೆಗಿರಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ.

ಕೊರತೆಗಳೂ ಇವೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಫೈಲ್‌ಗಳನ್ನು ನೇರವಾಗಿ ಒಟ್ಟಿಗೆ ಕೊಡಲು ಆಗುವುದಿಲ್ಲ. ಶೀರ್ಷಿಕೆ, ಸಾರಾಂಶಗಳಿಂದ ಪದ ಹೆಕ್ಕುವುದು ಇಂಗ್ಲಿಷ್‌ಗೆ ಮಾತ್ರ. ಕೋ-ಸೈಟೇಶನ್ (ಎರಡು ಲೇಖನಗಳನ್ನು ಮೂರನೆಯದು ಒಟ್ಟಿಗೆ ಉಲ್ಲೇಖಿಸುವುದು), ಬಿಬ್ಲಿಯೋಗ್ರಾಫಿಕ್ ಕಪ್ಲಿಂಗ್ (ಎರಡು ಲೇಖನಗಳು ಒಂದೇ ಆಕರವನ್ನು ಉಲ್ಲೇಖಿಸುವುದು) ಎರಡರ ವಿಶ್ಲೇಷಣೆಯೂ ಸಲೀಸಾಗಿ ಆಗುತ್ತದೆ, ಅದರಲ್ಲಿ ತಕರಾರಿಲ್ಲ.

ಆರ್ (ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆ) ಬಳಸಲು ಅಂಜಿಕೆ ಇಲ್ಲದಿದ್ದರೆ ಅದರಲ್ಲಿ ಓಡುವ ಬಿಬ್ಲಿಯೋಶೈನಿ ಎಂಬ ಸಾಧನವನ್ನೂ ಜೊತೆಗಿಟ್ಟುಕೊಳ್ಳಿ, ವರ್ಷವಾರು ಲೆಕ್ಕ ಅದರಲ್ಲಿ ಬೇಗ ಸಿಗುತ್ತದೆ. ವಾಸ್‌ವ್ಯೂವರ್‌ನಲ್ಲಿ ಚಿತ್ರ ಮಾತ್ರ ಉಳಿಸಬೇಡಿ, ಮ್ಯಾಪ್ ಮತ್ತು ನೆಟ್‌ವರ್ಕ್ ಫೈಲ್‌ಗಳನ್ನೂ ಉಳಿಸಿ. 'ಕನಿಷ್ಠ ಎಷ್ಟು ಸಲ ಅಂತ ಇಟ್ಟಿದ್ದೀರಿ?' ಅಂತ ವೈವಾದಲ್ಲಿ ಕೇಳುವುದು ಗ್ಯಾರಂಟಿ, ಆ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.