ನರಿಗೆ ನೀರು ಚಿಮ್ಮಿಸುವ ಯಂತ್ರ: ಲಂಡನ್ ಹಿತ್ತಲಿಗೆ ಕೊಳ್ಳಬಹುದೇ?

ಬೆಳಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಅಂತ ನಮ್ಮಲ್ಲಿ ಮಾತಿದೆ. ಲಂಡನ್ನಿನ ಹ್ಯಾರೋ, ಹೌನ್ಸ್‌ಲೋ, ಕ್ರಾಯ್ಡನ್ ಕಡೆ ಮನೆ ಮಾಡಿದವರಿಗೆ ಹಾಗಾದರೆ ವಾರಕ್ಕೆ ನಾಲ್ಕು ದಿನ ಅದೃಷ್ಟವೇ. ಇದು ಊರ ಕಡೆ ರಾತ್ರಿ ಊಳಿಡುವ ಗುಳ್ಳೆನರಿ ಅಲ್ಲ, ಕೆಂಪು ನರಿ. ಗಂಡು ಸುಮಾರು 6ರಿಂದ 7 ಕಿಲೊ, ಹೆಣ್ಣು ಅದಕ್ಕಿಂತ ಒಂದು ಕಿಲೊ ಕಡಿಮೆ. 1930ರ ದಶಕದಲ್ಲಿ ಲಂಡನ್ ಸುತ್ತ ಉದ್ದ ಹಿತ್ತಲಿನ ಜೋಡಿ ಮನೆಗಳು ಸಾಲುಸಾಲಾಗಿ ಎದ್ದಾಗ ಊರೊಳಗೆ ಬಂದು ನೆಲೆಸಿದ್ದು, ಆಮೇಲೆ ವಾಪಸ್ ಹೋಗಲೇ ಇಲ್ಲ. ಹುಲ್ಲು ಕೆದರುವುದು, ಮೆಟ್ಟಿಲ ಮೇಲೆ ಹಿಕ್ಕೆ ಹಾಕುವುದು, ಜನವರಿ ರಾತ್ರಿ ಯಾರನ್ನೋ ಕೊಲ್ಲುತ್ತಿದ್ದಾರೇನೋ ಅನ್ನುವಂತೆ ಕಿರುಚುವುದು, ಶೆಡ್ ಕೆಳಗೆ ಬಿಲ ತೋಡುವುದು: ದೂರುಗಳೆಲ್ಲ ಈ ನಾಲ್ಕರ ಸುತ್ತಲೇ.

ಇದಕ್ಕೆ ಮದ್ದು ಅಂತ ಅಂಗಡಿಯಲ್ಲಿ ಮಾರುವ ಸಾಮಾನುಗಳಲ್ಲಿ ಚೆನ್ನಾಗಿ ಕೆಲಸ ಮಾಡುವುದು ಚಲನೆ ಕಂಡೊಡನೆ ನೀರು ಚಿಮ್ಮಿಸುವ ಯಂತ್ರ. ಬ್ರ್ಯಾಂಡ್ ಯಾವುದೇ ಇರಲಿ, ಒಳಗಿರುವುದು ಮೂರೇ ಭಾಗ: ದೇಹದ ಶಾಖ ಗುರುತಿಸುವ ಸೆನ್ಸರ್, ಬ್ಯಾಟರಿಯಿಂದ ತೆರೆದುಕೊಳ್ಳುವ ವಾಲ್ವ್, ಮೇಲೆ ತಿರುಗುವ ನೀರಿನ ಮೂತಿ. ಕೆಳಗೆ ನೆಲಕ್ಕೆ ಚುಚ್ಚುವ ಗೂಟ, ಪಕ್ಕದಲ್ಲಿ ಹೋಸ್‌ಪೈಪ್ ಸಿಕ್ಕಿಸುವ ಜಾಗ. ನರಿ ಎದುರಿಗೆ ಬಂದರೆ 'ಟಕ್' ಅಂತ ವಾಲ್ವ್ ತೆರೆದು, ಬುಸ್ಸೆಂದು ಮೂರರಿಂದ ಐದು ಸೆಕೆಂಡ್ ನೀರು ಹಾರುತ್ತದೆ. ನರಿ ಬೆದರುವುದು ಒದ್ದೆಯಾಗುತ್ತೇನೆ ಅಂತಲ್ಲ. ಮಳೆಯಲ್ಲೇ ಓಡಾಡುವ ಪ್ರಾಣಿ ಅದು. ಆ ಟಕ್ ಸದ್ದು, ಬುಸುಗುಡುವಿಕೆ, ಮೂತಿ ಗಕ್ಕನೆ ತಿರುಗುವುದು, ಇಷ್ಟೂ ಒಟ್ಟಿಗೆ ಆಗುವುದರಿಂದ ಓಡುತ್ತದೆ. ಹಾಗಾಗಿ ಸದ್ದಿಲ್ಲದೆ ಮೆಲ್ಲಗೆ ನೀರು ಬಿಡುವ ಅಗ್ಗದ ಮಾದರಿ ಗಿಡಕ್ಕೆ ನೀರು ಹಾಕಲು ಸರಿ, ನರಿಗೆ ಅಲ್ಲ.

ಕೊಳ್ಳುವ ಮೊದಲು ಮನೆ ನಲ್ಲಿಯ ಒತ್ತಡ ನೋಡಿಕೊಳ್ಳಿ. 10 ಲೀಟರ್ ಬಕೆಟ್ಟನ್ನು ಹಿತ್ತಲ ನಲ್ಲಿಗೆ ಹಿಡಿದು ಪೂರ್ತಿ ತಿರುಗಿಸಿ. ಒಂದು ನಿಮಿಷದೊಳಗೆ ತುಂಬಿದರೆ ಚಿಂತೆಯಿಲ್ಲ. ಒಂದೂವರೆ ನಿಮಿಷ ಮೀರಿದರೆ ಡಬ್ಬಿಯ ಮೇಲೆ ಬರೆದ ದೂರದ ಅರ್ಧವೂ ಸಿಗುವುದು ಕಷ್ಟ. ನಿಮಿಷಕ್ಕೆ 10 ಲೀಟರ್ ಲೆಕ್ಕದಲ್ಲಿ ಒಂದು ಸಲ ಚಿಮ್ಮಿದರೆ ಅರ್ಧದಿಂದ ಮುಕ್ಕಾಲು ಲೀಟರಿಗೆ ತುಸು ಮೇಲೆ ಖರ್ಚು. ರಾತ್ರಿಗೆ ಆರು ಸಲ ಅಂದುಕೊಂಡರೂ ಮೀಟರ್ ಇರುವವರು ಹೆದರಬೇಕಿಲ್ಲ. ಬೇಸಿಗೆಯಲ್ಲಿ ನೀರಿನ ಕೊರತೆಯಾಗಿ ಹೋಸ್‌ಪೈಪ್ ಬಳಸಬಾರದು ಅನ್ನುವ ನಿಷೇಧ ಬಂದರೆ ಮಾತ್ರ ನಿಮ್ಮ ನೀರಿನ ಕಂಪನಿಯ ನಿಯಮ ಓದಿಕೊಂಡು ಬಳಸಿ.

ಯಂತ್ರ ನಿಲ್ಲಿಸುವ ಜಾಗದಲ್ಲೇ ಹೆಚ್ಚಿನವರು ಎಡವುವುದು. ಬೇಲಿಯ ಕಂಡಿಗೆ ನೇರ ಮುಖ ಮಾಡಿ ಚುಚ್ಚಿಬಿಡುತ್ತಾರೆ. ಈ ಸೆನ್ಸರ್‌ಗೆ ಎದುರಿನಿಂದ ತನ್ನತ್ತ ಬರುವ ಪ್ರಾಣಿಗಿಂತ ಅಡ್ಡಲಾಗಿ ಹಾಯುವ ಪ್ರಾಣಿ ಬೇಗ ಗೊತ್ತಾಗುತ್ತದೆ. ಕಂಡಿಯಿಂದ ಮೂರು ನಾಲ್ಕು ಮೀಟರ್ ಪಕ್ಕಕ್ಕೆ, ನರಿಯ ದಾರಿ ಅಡ್ಡ ಬರುವ ಹಾಗೆ ಇಡಿ. ನರಿಯ ಭುಜ ನೆಲದಿಂದ 35ರಿಂದ 40 ಸೆಂಟಿಮೀಟರ್. ಸೆನ್ಸರ್ ಅದಕ್ಕಿಂತ ಮೇಲಿದ್ದರೆ ಸ್ವಲ್ಪ ಕೆಳಕ್ಕೆ ಬಾಗಿಸಿ. ಸೂಕ್ಷ್ಮತೆಯ ಗುಂಡಿಯನ್ನು ನಡುವಿಗೆ ಇಟ್ಟು ಶುರು ಮಾಡಿ. ಪೂರ್ತಿ ಏರಿಸಿದರೆ ಗಾಳಿಗೆ ಓಲಾಡುವ ಪೊದೆಗೂ, ಬಿಸಿಲಿಗೆ ಕಾದ ಕಲ್ಲುಹಾಸಿಗೂ ಚಿಮ್ಮಿ, ಎರಡು ವಾರದಲ್ಲಿ ಬ್ಯಾಟರಿ ಮುಗಿಸುತ್ತದೆ. ರಾತ್ರಿ ಮಾತ್ರ ಚಾಲೂ ಆಗುವ ಆಯ್ಕೆ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಮೊದಲು ಒದ್ದೆಯಾಗುವುದು ಬಟ್ಟೆ ಒಣಹಾಕಲು ಹೋದವರು.

ಇನ್ನೊಂದು: ಯಂತ್ರ ಒಂದೇ ಕಡೆ ಬೇರು ಬಿಡಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೆರಡು ಮೀಟರ್ ಜರುಗಿಸಿ. ಎಲ್ಲಿಯವರೆಗೆ ನೀರು ಬರುತ್ತದೆ ಅನ್ನುವುದನ್ನು ನರಿ ಬಲು ಬೇಗ ಅಳೆದುಬಿಡುತ್ತದೆ; ಆಮೇಲೆ ಆ ಗೆರೆಯ ಆಚೆಯಿಂದ ಆರಾಮಾಗಿ ಹಾದುಹೋಗುತ್ತದೆ, ನಿಮ್ಮ ಯಂತ್ರಕ್ಕೆ ಸೊಪ್ಪೂ ಹಾಕುವುದಿಲ್ಲ.

ಕೆಡುವುದು ಎಲ್ಲಿ? ಲಂಡನ್ನಿನ ನೀರು ಗಡಸು. ಒಳಬರುವ ಬಾಯಲ್ಲಿರುವ ಸಣ್ಣ ಜಾಲರಿಗೂ ವಾಲ್ವಿನ ಪೊರೆಗೂ ಸುಣ್ಣ ಕಟ್ಟುತ್ತದೆ. ಚಿಮ್ಮಿ ಮುಗಿದ ಮೇಲೂ ಮೂತಿಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಹೆಚ್ಚಾಗಿ ಅದೇ ಕಾರಣ. ನಲ್ಲಿ ಮುಚ್ಚಿ, ಕೈ ಆಡಿಸಿ ಒಂದು ಸಲ ಚಿಮ್ಮಿಸಿ ಒಳಗಿನ ಒತ್ತಡ ಬಿಡಿ, ಜಾಲರಿ ತೆಗೆದು ಬಿಳಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಎರಡನೆಯ ರೋಗ ಚಳಿ. ನರಿಗಳ ಗಲಾಟೆ ಜೋರಾಗಿರುವುದು ಕೂಡುವ ಕಾಲವಾದ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ, ಪೈಪಿನಲ್ಲಿ ನೀರು ಹೆಪ್ಪುಗಟ್ಟುವುದೂ ಆಗಲೇ. ಹಿಮ ಬೀಳುವ ರಾತ್ರಿ ಯಂತ್ರವನ್ನು ಕಳಚಿ ಒಳಗಿಡದಿದ್ದರೆ ಪ್ಲಾಸ್ಟಿಕ್ ಒಡಲು ಸೀಳುತ್ತದೆ, ಅದಕ್ಕೆ ರಿಪೇರಿಯಿಲ್ಲ. ಬೇಕಾದ ಹೊತ್ತಿಗೇ ಕೈಕೊಡುವುದು ಈ ಯಂತ್ರದ ದೊಡ್ಡ ಕೊರತೆ, ಮಾರುವವರು ಯಾರೂ ಇದನ್ನು ಹೇಳುವುದಿಲ್ಲ.

ಅಲ್ಟ್ರಾಸಾನಿಕ್ ಸದ್ದಿನ ಡಬ್ಬಿಗಳ ಬಗ್ಗೆ ಜಾಸ್ತಿ ಬರೆಯುವಂಥದ್ದಿಲ್ಲ. ದೊಡ್ಡವರ ಕಿವಿಗೆ ಕೇಳಿಸದು, ಪಕ್ಕದ ಮನೆಯ ಮಕ್ಕಳಿಗೆ ಕೆಲವೊಮ್ಮೆ ಕೇಳಿಸುತ್ತದೆ, ನರಿ ನಾಲ್ಕು ದಿನ ಕಿವಿ ನಿಮಿರಿಸಿ ಆಮೇಲೆ ಅದರ ಮುಂದೆಯೇ ಮಲಗುತ್ತದೆ. ದುಡ್ಡು ದಂಡ.

ಪುಡಿ ಹಾಗಲ್ಲ. ಬ್ರಿಟನ್ನಿನಲ್ಲಿ ನರಿ ಓಡಿಸಲು ಮಾರುವ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಅಲ್ಯುಮಿನಿಯಂ ಅಮೋನಿಯಂ ಸಲ್ಫೇಟ್, ನಮ್ಮ ಕ್ಷೌರದಂಗಡಿಯ ಪಟಿಕದ ದಾಯಾದಿ. ನೀರಲ್ಲಿ ಕರಗಿಸಿ ಹಿಕ್ಕೆ ಬಿದ್ದ ಕಡೆ, ಮಣ್ಣು ಕೆದರಿದ ಕಡೆ ಸುರಿಯಬೇಕು. ತನ್ನ ವಾಸನೆ ಅಳಿಸಿಹೋಗಿದ್ದಕ್ಕೆ ನರಿ ಮೊದಲ ಕೆಲವು ದಿನ ಇನ್ನೂ ಹೆಚ್ಚು ಹಿಕ್ಕೆ ಹಾಕುತ್ತದೆ. 'ಹಾಕಿದ ಮೇಲೆ ಜಾಸ್ತಿಯಾಯಿತು' ಅಂತ ಜನ ಕೈಬಿಡುವುದು ಇಲ್ಲೇ. ಎರಡು ವಾರ ಬಿಡದೆ ಹಾಕಬೇಕು, ಮಳೆ ಬಂದರೆ ಮತ್ತೆ ಹಾಕಬೇಕು. ಮನೆಮದ್ದು ಅಂತ ಖಾರದ ಪುಡಿ, ಡೀಸೆಲ್, ಫಿನಾಯಿಲ್ ಸುರಿಯಬೇಡಿ. ಅನುಮೋದನೆ ಇಲ್ಲದ ವಸ್ತುವನ್ನು ಪ್ರಾಣಿ ಓಡಿಸಲು ಬಳಸುವುದು ಅಲ್ಲಿ ಕಾನೂನಿಗೆ ವಿರುದ್ಧ. ವಿಷವಂತೂ ಸರಿಯಾದ ಅಪರಾಧ.

ಬೋನಿಟ್ಟು ಹಿಡಿದು ಕೊಂಡೊಯ್ಯುವ ಸೇವೆಗಳೂ ಇವೆ, 'ಹ್ಯೂಮೇನ್' ಎಂಬ ಚೀಟಿ ಅಂಟಿಸಿಕೊಂಡು. ಹಿಡಿದ ನರಿಯನ್ನು ಗುರುತಿಲ್ಲದ ಊರಲ್ಲಿ ಬಿಡುವುದು ದಯೆಯಲ್ಲ. ಅಲ್ಲಿ ಬೇರೆ ನರಿಯ ಗಡಿ ಇರುತ್ತದೆ, ಅನ್ನ ಎಲ್ಲಿದೆ ಗೊತ್ತಿರುವುದಿಲ್ಲ. ಬಿಡದಿದ್ದರೆ ಉಳಿಯುವ ದಾರಿ ಗುಂಡು. ಎರಡಕ್ಕೂ ನೂರಾರು ಪೌಂಡ್ ತೆರಬೇಕು, ಖಾಲಿಯಾದ ಜಾಗಕ್ಕೆ ಬಹುತೇಕ ಪಕ್ಕದ ಬೀದಿಯ ನರಿ ಬಂದು ಕೂರುತ್ತದೆ.

ಹಳ್ಳಿಗಾಡಿನ ನರಿಬೇಟೆಯ ಜಗಳದಲ್ಲೂ ಗಂಟು ಇರುವುದು ಇಲ್ಲೇ. ನಾಯಿ ಹಿಂಡು ಬಿಟ್ಟು ಬೇಟೆಯಾಡದಿದ್ದರೆ ನರಿ ವಿಪರೀತವಾಗುತ್ತದೆ ಅನ್ನುವುದು ಬೇಟೆಗಾರರ ಹಳೆಯ ವಾದ. 2001ರಲ್ಲಿ ಕಾಲುಬಾಯಿ ಜ್ವರದಿಂದ ಬ್ರಿಟನ್ನಿನಲ್ಲಿ ಬೇಟೆ ಹೆಚ್ಚುಕಡಿಮೆ ವರ್ಷಪೂರ್ತಿ ನಿಂತಿತು. ಹಿಕ್ಕೆ ಎಣಿಸಿ ನೋಡಿದ ಸಂಶೋಧಕರಿಗೆ ನರಿಗಳ ಸಂಖ್ಯೆ ಏರಿದ ಸುಳಿವು ಸಿಗಲಿಲ್ಲ. ಅದರ ಹಿಂದಿನ ವರ್ಷವೇ, ನಾಯಿ ಬಿಟ್ಟು ಆಡುವ ಬೇಟೆಯ ಬಗ್ಗೆ ವಿಚಾರಿಸಲು ಸರ್ಕಾರ ನೇಮಿಸಿದ್ದ ಬರ್ನ್ಸ್ ಸಮಿತಿ, ಇಂಥ ಬೇಟೆ ನರಿಯ ಯೋಗಕ್ಷೇಮಕ್ಕೆ ತೀವ್ರ ಧಕ್ಕೆ ತರುತ್ತದೆ ಎಂದು ವರದಿ ಕೊಟ್ಟಿತ್ತು. ಇಂಗ್ಲೆಂಡ್, ವೇಲ್ಸ್‌ನಲ್ಲಿ ನಿಷೇಧ ಜಾರಿಯಾದದ್ದು 2005ರ ಫೆಬ್ರುವರಿ 18ಕ್ಕೆ. ಆಮೇಲೆ, ಮೊದಲೇ ಎಳೆದ ವಾಸನೆಯ ಜಾಡು ಹಿಡಿಯುವುದು ಎಂಬ ಹೆಸರಲ್ಲಿ ಕುದುರೆ, ನಾಯಿ, ಕಹಳೆ ಎಲ್ಲ ಹಾಗೇ ನಡೆದವು. ಆ ನೆಪದ ಬಗ್ಗೆ ಜಗಳವೂ. ಈ ಶೋಕಿ ನಮ್ಮ ಪಕ್ಕಕ್ಕೂ ಬಂದಿತ್ತು ಅನ್ನಿ: ಊಟಿಯಲ್ಲಿ ಕೆಂಪು ನರಿ ಸಿಗದೆ ಬ್ರಿಟಿಷರು ಗುಳ್ಳೆನರಿಯ ಹಿಂದೆ ನಾಯಿ ಬಿಟ್ಟರು. ಬೇಟೆ ಬೇಡ ಅನ್ನುವ ಪಟ್ಟಣದವರು ಹಿತ್ತಲಲ್ಲಿ ಹಿಕ್ಕೆ ಕಂಡಾಗ ಬೋನಿನವನಿಗೆ ಫೋನ್ ಮಾಡುತ್ತಾರೆ ಅನ್ನುವ ಹಳ್ಳಿಯವರ ಕುಟುಕಿನಲ್ಲಿ ಸತ್ಯವಿಲ್ಲದಿಲ್ಲ.

ಹೀಗಾಗಿ ನೀರಿನ ಯಂತ್ರಕ್ಕೆ ಹತ್ತಕ್ಕೆ ಏಳು ಅಂಕ, ಹಿತ್ತಲಲ್ಲಿ ಊಟ ಸಿಗದಂತೆ ಮಾಡಿದವರಿಗೆ ಮಾತ್ರ. ಗುಲಾಬಿಗೂ ಕರಿಬೇವಿನ ಕುಂಡಕ್ಕೂ ಮೂಳೆಪುಡಿ, ಮೀನಿನ ಗೊಬ್ಬರ ಹಾಕಿದರೆ ಕೆಳಗೆ ಹೆಣವಿದೆ ಅಂದುಕೊಂಡು ನರಿ ತೋಡುತ್ತದೆ. ಪಿತೃಪಕ್ಷದಲ್ಲಿ ಕಾಗೆಗೆ ಅಂತ ಹುಲ್ಲಿನ ಮೇಲಿಟ್ಟ ಎಡೆ ಸಂಜೆಯವರೆಗೂ ಉಳಿದರೆ ಅದು ನರಿಗೇ. ಎತ್ತರದ ಹಲಗೆಯ ಮೇಲಿಟ್ಟು ಕತ್ತಲಾಗುವ ಮೊದಲು ತೆಗೆಯಿರಿ. ಬಾಗಿಲಾಚೆ ಬಿಟ್ಟ ಚಪ್ಪಲಿ ಬೇಸಿಗೆಯಲ್ಲಿ ಒಂಟಿಯಾದರೆ ಕಳ್ಳ ಮರಿನರಿ; ಅವಕ್ಕೆ ತೊಗಲು, ಚೆಂಡು, ಕೈಗವಸು ಎಲ್ಲ ಆಟಿಕೆ.

ಶೆಡ್ ಕೆಳಗೆ ಬಿಲ ಇದ್ದವರು, ಕೋಳಿ ಸಾಕಿದವರು ಈ ಯಂತ್ರ ಕೊಳ್ಳಲೇಬೇಡಿ, ಆ ದುಡ್ಡಿಗೆ ಬೆಸುಗೆಯ ತಂತಿಜಾಲರಿ ತನ್ನಿ. ಕಣ್ಣು 25 ಮಿಲಿಮೀಟರ್, ತಂತಿ 2 ಮಿಲಿಮೀಟರ್ ದಪ್ಪ. ಷಟ್ಕೋನದ ತೆಳು ಕೋಳಿಜಾಲರಿ ಕೋಳಿಯನ್ನು ಒಳಗೆ ಹಿಡಿದಿಡಬಲ್ಲದು, ನರಿಯ ಹಲ್ಲನ್ನು ತಡೆಯಲಾರದು. 10 ಸೆಂಟಿಮೀಟರ್ ಸಂದಿಯಲ್ಲಿ ನರಿ ನುಸುಳುತ್ತದೆ. ಜಾಲರಿಯನ್ನು 30 ಸೆಂಟಿಮೀಟರ್ ಆಳಕ್ಕೆ ಇಳಿಸಿ, ಅಲ್ಲಿಂದ 30 ಸೆಂಟಿಮೀಟರ್ ಹೊರಮುಖವಾಗಿ ಮಡಚಿ ಮಣ್ಣು ಮುಚ್ಚಿ. ಗೋಡೆಯ ಬುಡದಲ್ಲೇ ತೋಡಿ ನೋಡುವ ಪ್ರಾಣಿಗೆ ಎಲ್ಲಿ ತೋಡಿದರೂ ತಂತಿಯೇ ಸಿಗುತ್ತದೆ. ಮರಕ್ಕೆ ಸ್ಟೇಪಲ್ ಬೇಡ, ವಾಷರ್ ಹಾಕಿದ ತಿರುಪು ಹಾಕಿ.

ಬಿಲ ಮುಚ್ಚುವ ಮೊದಲು ತಿಂಗಳು ನೋಡಿ. ಮರಿ ಹುಟ್ಟುವುದು ಮಾರ್ಚ್ ಸುಮಾರಿಗೆ, ನಾಲ್ಕೈದು. ಹೊರಗೆ ಕಾಣುವುದು ಏಪ್ರಿಲ್ ಕೊನೆಗೆ. ಮಾರ್ಚ್‌ನಿಂದ ಬೇಸಿಗೆಯ ನಡುವಿನವರೆಗೆ ಮುಚ್ಚಿದರೆ ಒಳಗೆ ಮರಿ ಸಾಯುತ್ತವೆ, ತಾಯಿ ಹಲಗೆಯನ್ನೇ ಸೀಳುತ್ತದೆ, ಪ್ರಾಣಿಹಿಂಸೆಯ ಕೇಸೂ ಆಗಬಹುದು. ಆ ಕಾಲ ಕಳೆದ ಮೇಲೆ ಬಿಲದ ಬಾಯಿಗೆ ಸಡಿಲ ಮಣ್ಣು, ಕಡ್ಡಿ ತುಂಬಿ ಒಂದು ವಾರ ಬಿಡಿ. ಮುಟ್ಟದೆ ಹಾಗೇ ಇದ್ದರೆ ಒಳಗೆ ಯಾರೂ ಇಲ್ಲ, ಅವತ್ತೇ ಜಾಲರಿ ಹಾಕಿ. ಕೆದರಿದ್ದರೆ ಮತ್ತೆ ತುಂಬಿ, ಇನ್ನೊಂದು ವಾರ ಕಾಯಿರಿ.