ತಗ್ಗಿಸಿದ ಕಾರಿಗೆ 17 ಇಂಚಿನ ಅಲಾಯ್: ನಮಗೆ ಆದದ್ದು ನಿಮಗೆ ಆಗಬಾರದು

ಕಾರು ತಗ್ಗಿಸಿ ಅಗಲ ಟೈರ್ ಹಾಕಿಸಲು ಹೊರಟಿರುವ ನಮ್ಮ ಕಡೆಯ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶಿರಸಿಯವರಿರಲಿ, ಕುಮಟಾ, ಕಾರವಾರದವರಿರಲಿ, ಅಂಗಡಿಗೆ ಅಡ್ವಾನ್ಸ್ ಕೊಡುವ ಮೊದಲು ಪೂರ್ತಿ ಓದಿ. ನಾಲ್ಕು ಜನರಿದ್ದ ಕಾರಿನಲ್ಲಿ, ಮಳೆಯಲ್ಲಿ, ಘಟ್ಟ ಇಳಿದ ಸ್ವಲ್ಪ ಹೊತ್ತಿಗೇ ನನ್ನ ಹಿಂದಿನ ಟೈರ್ ಒಡೆಯಿತು. ಹತ್ತು ನಿಮಿಷ ಮುಂಚೆ ಒಡೆದಿದ್ದರೆ ನಾವು ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟದ ತಿರುವಿನಲ್ಲಿ ಇರುತ್ತಿದ್ದೆವು.

ನನ್ನದು 2014ರ ಹ್ಯಾಚ್‌ಬ್ಯಾಕ್. ಕಂಪನಿ ಕೊಟ್ಟ ಟೈರ್ 185/65 ಆರ್15. 2022ರ ಮಾರ್ಚ್‌ನಲ್ಲಿ, ಮಾರಿಕಾಂಬಾ ಜಾತ್ರೆಗೆ ಮುಂಚೆ, ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕಾರನ್ನು 40 ಎಂಎಂ ತಗ್ಗಿಸುವ ಸ್ಪ್ರಿಂಗ್ ಹಾಕಿಸಿದೆ. ಅದೇ ದಿನ 17 ಇಂಚಿನ ಅಲಾಯ್ ರಿಮ್, 205/45 ಆರ್17 ಟೈರ್ ಕೂಡ ಹಾಕಿಸಿಕೊಂಡೆ. ಎಲ್ಲ ಸೇರಿ 66 ಸಾವಿರ ಆಯಿತು. ಅಂಗಡಿಯ ಹೆಸರು ಹೇಳುವುದಿಲ್ಲ. ಅವರು ಹೇಳಿದ್ದನ್ನು ಕೇಳಿ ತಲೆಯಾಡಿಸಿದವನು ನಾನೇ.

ಹೋಗುವ ಮೊದಲು ನಾನು ಒಂದು ಲೆಕ್ಕ ಮಾಡಿಕೊಂಡಿದ್ದೆ. ಹೆಚ್ಚಿನವರು ಮಾಡುವುದು ಇದೊಂದೇ ಲೆಕ್ಕ. ಟೈರ್ ಮೇಲಿನ ಮೊದಲ ಅಂಕಿ ಅಗಲ, ಎಂಎಂ ಲೆಕ್ಕದಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಸೈಡ್‌ವಾಲ್, ಅಂದರೆ ಟೈರಿನ ಬದಿಯ ಗೋಡೆಯ ಎತ್ತರ ಅನ್ನುವುದು. ಕೊನೆಯದು ರಿಮ್ ಇಂಚು. 185ರ ಶೇಕಡಾ 65 ಅಂದರೆ 120 ಎಂಎಂ. ಮೇಲೆ ಕೆಳಗೆ ಎರಡೂ ಸೇರಿಸಿ, 15 ಇಂಚಿನ ರಿಮ್‌ನ 381 ಕೂಡಿಸಿದರೆ ಟೈರಿನ ಪೂರ್ತಿ ಎತ್ತರ ಸುಮಾರು 621 ಎಂಎಂ. ಹೊಸದಕ್ಕೂ ಹಾಗೇ ಮಾಡಿದರೆ 616 ಬರುತ್ತದೆ. ಶೇಕಡಾ ಒಂದರಷ್ಟೂ ವ್ಯತ್ಯಾಸ ಇಲ್ಲ. ಮೂರರ ಒಳಗಿದ್ದರೆ ಸಾಕು ಎಂದು ಎಲ್ಲರೂ ಹೇಳುತ್ತಾರೆ, ಸ್ಪೀಡೋಮೀಟರ್ ಸರಿ ತೋರಿಸುತ್ತದೆ ಎನ್ನುತ್ತಾರೆ. ಅದು ನಿಜವೇ. ಆದರೆ ಸ್ಪೀಡೋಮೀಟರ್ ಸರಿ ತೋರಿಸಿದ ಮಾತ್ರಕ್ಕೆ ಟೈರ್ ಕಾರಿನೊಳಗೆ ಸರಿ ಕೂರುತ್ತದೆ ಎಂದಲ್ಲ. ನಾನು ಎಡವಿದ್ದು ಅಲ್ಲೇ.

ನಾನು ನೋಡದೇ ಬಿಟ್ಟದ್ದು ಆಫ್‌ಸೆಟ್. ರಿಮ್ಮಿನ ಒಳಗೆ ಇಟಿ ಎಂದು ಬರೆದು ಪಕ್ಕದಲ್ಲಿ ಒಂದು ಅಂಕಿ ಅಚ್ಚಾಗಿರುತ್ತದೆ. ರಿಮ್ಮಿನ ಅಗಲದ ನಡುಗೆರೆಯಿಂದ ಅದು ಹಬ್‌ಗೆ (ಚಕ್ರವನ್ನು ನಟ್ಟು ಹಾಕಿ ಕೂರಿಸುವ ಕಾರಿನ ಭಾಗ) ಕೂರುವ ಮುಖ ಎಷ್ಟು ಎಂಎಂ ಹೊರಗಿದೆ ಅನ್ನುವುದು ಆ ಅಂಕಿ. ಅಂಕಿ ದೊಡ್ಡದಿದ್ದರೆ ಚಕ್ರ ಒಳಗೆ ಕೂರುತ್ತದೆ, ಸಣ್ಣದಾದರೆ ಹೊರಗೆ ಬರುತ್ತದೆ. ನನ್ನ ಹಳೆಯ ರಿಮ್ ಐದೂವರೆ ಇಂಚು ಅಗಲ, ಇಟಿ 45. ಹೊಸದು 7 ಇಂಚು ಅಗಲ, ಇಟಿ 30. ಲೆಕ್ಕ ಸುಲಭ. ಐದೂವರೆ ಇಂಚಿನ ಅರ್ಧ ಸುಮಾರು 70 ಎಂಎಂ. ಅದರಲ್ಲಿ 45 ಕಳೆದರೆ 25, ಅಂದರೆ ಹಳೆಯ ರಿಮ್ ಹಬ್ ಮುಖದಿಂದ 25 ಎಂಎಂ ಹೊರಗಿತ್ತು. 7 ಇಂಚಿನ ಅರ್ಧ 89. ಅದರಲ್ಲಿ 30 ಕಳೆದರೆ 59. ರಿಮ್ಮಿನ ಅಂಚು ಹಳೆಯದಕ್ಕಿಂತ 34 ಎಂಎಂ ಹೊರಗೆ ಬಂದಿತ್ತು! ಎರಡು ಬೆರಳಿಗೆ ಹತ್ತಿರ. ಒಳಗಡೆಯೂ 4 ಎಂಎಂ ಜಾಸ್ತಿ, ಅಷ್ಟರಿಂದಲೇ ಮುಂದಿನ ಚಕ್ರ ಶಾಕ್ ಅಬ್ಸಾರ್ಬರ್‌ಗೆ ಬಹಳ ಹತ್ತಿರವಾಯಿತು.

ಮೊದಲಿನ ಎತ್ತರದಲ್ಲೇ ಇದ್ದ ಕಾರಾಗಿದ್ದರೆ ಬಹುಶಃ ಬಚಾವಾಗುತ್ತಿತ್ತು. ತಗ್ಗಿಸಿದ ಕಾರಿನಲ್ಲಿ ಆ ಜಾಗವೇ ಉಳಿದಿರುವುದಿಲ್ಲ. ಕಂಪನಿ ಕೊಟ್ಟ ಹಾಗಿದ್ದರೆ ಹೊಂಡದಲ್ಲಿ ಚಕ್ರ ಮೇಲೆ ಬಂದಾಗ ಮಡ್‌ಗಾರ್ಡ್ ಒಳಗೆ ಹೋಗಿ ಸೇರುತ್ತದೆ. ನನ್ನದರಲ್ಲಿ ಟೈರಿನ ಭುಜ, ಅಂದರೆ ಗ್ರಿಪ್ ಮತ್ತು ಸೈಡ್‌ವಾಲ್ ಸೇರುವ ಅಂಚು, ನೇರ ಮಡ್‌ಗಾರ್ಡ್ ಅಂಚಿನ ಕೆಳಗೇ ಬಂದು ನಿಂತಿತ್ತು. ಮೇಲೆ ಬಂದರೆ ತಾಗಲೇಬೇಕು.

ಖಾಲಿ ಕಾರಿನಲ್ಲಿ ಏನೂ ಗೊತ್ತಾಗಲಿಲ್ಲ. ನಾನೊಬ್ಬನೇ ಪೇಟೆಗೆ ಹೋಗಿ ಬರುವಾಗ ಚೆನ್ನಾಗಿಯೇ ಓಡುತ್ತಿತ್ತು. ಅಂಗಡಿಯಲ್ಲಿ ಟ್ರಯಲ್ ನೋಡಿದ್ದೂ ಖಾಲಿ ಕಾರೇ, ನುಣ್ಣಗಿನ ರಸ್ತೆಯೇ. ಜಾತ್ರೆ ಹೊತ್ತಿಗೆ ಆಯಿ, ಅಪ್ಪಯ್ಯ ಇಬ್ಬರನ್ನೂ ಕೂರಿಸಿಕೊಂಡು ಹೋದಾಗ ಹಂಪಿನ ಮೇಲೆ ಹಿಂದೆ ಒಮ್ಮೆ 'ಚರ್' ಎಂದಿತ್ತು. ಅಂಗಡಿಗೆ ಫೋನ್ ಮಾಡಿದೆ. "ಹೊಸ ಸ್ಪ್ರಿಂಗ್ ಸರ್, ಸ್ವಲ್ಪ ದಿನ ಓಡ್ಸಿ, ಸೆಟ್ ಆಗ್ತದೆ" ಅಂದರು. ಸ್ಪ್ರಿಂಗ್ ಸೆಟ್ ಆಗುವುದು ಎಂದರೆ ಇನ್ನೂ ಕೆಳಗೆ ಕೂರುವುದು. ತಾಗುವುದು ಜಾಸ್ತಿಯಾಗುತ್ತದೆ, ಕಡಿಮೆಯಾಗುವುದಿಲ್ಲ. ಆಗ ನನಗೆ ಇದು ಹೊಳೆಯಲಿಲ್ಲ.

ಜುಲೈ ಎರಡನೇ ವಾರ ಗೋಕರ್ಣದಲ್ಲಿ ತಿಥಿ ಕಾರ್ಯ ಇತ್ತು. ಕಾರಿನಲ್ಲಿ ಅಪ್ಪಯ್ಯ, ಆಯಿ, ಅತ್ತೆ ಮತ್ತು ನಾನು. ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ, ಅಕ್ಕಿ, ಪಾತ್ರೆ. ರಾಗಿಹೊಸಳ್ಳಿ ದಾಟುವಾಗಲೇ ಜೋರು ಮಳೆ. ಘಟ್ಟದ ತಿರುವುಗಳಲ್ಲಿ ಹಿಂದಿನ ಎಡಗಡೆ ಚರ್ ಚರ್ ಸದ್ದು. ಆಮೇಲೆ ರಬ್ಬರ್ ಸುಟ್ಟ ವಾಸನೆ.

"ಎಂತದೋ ಸುಟ್ಟ ವಾಸನೆ ಬತ್ತಿದ್ದು ತಮಾ" ಎಂದು ಆಯಿ ಹೇಳಿದಳು. ಇಳಿಜಾರಲ್ವಾ, ಬ್ರೇಕ್ ಬಿಸಿಯಾಗಿರಬೇಕು ಎಂದುಕೊಂಡು ಎರಡನೇ ಗೇರಿಗೆ ಹಾಕಿ ಇಳಿಸಿದೆ. ಅಲ್ಲೇ ನಿಲ್ಲಿಸಿ ಹಿಂದೆ ಹೋಗಿ ಒಮ್ಮೆ ಟೈರ್ ಮುಟ್ಟಿ ನೋಡಿದ್ದರೆ ಎಲ್ಲ ತಿಳಿಯುತ್ತಿತ್ತು. ನಿಮಗೆ ಇಂಥ ವಾಸನೆ ಬಂದರೆ, ಮಳೆ ಇದ್ದರೂ ಸರಿ, ಇಳಿದು ನೋಡಿ.

ಘಟ್ಟ ಮುಗಿದು ಕತಗಾಲ ಹತ್ತಿರ ಬಂದಾಗ ನೀರು ತುಂಬಿದ ಒಂದು ಹೊಂಡ. ಆಳ ಕಾಣಲಿಲ್ಲ. ವೇಗ ನಲವತ್ತರ ಆಸುಪಾಸು ಇರಬಹುದು. ಢಬ್ ಎಂದು ಬಿತ್ತು, ಅದರ ಬೆನ್ನಿಗೇ ಒಡೆದ ಸದ್ದು. ಕಾರಿನ ಹಿಂಭಾಗ ಎಡಕ್ಕೆ ಜಾರಿತು. ಸ್ಟೇರಿಂಗ್ ಬಿಗಿ ಹಿಡಿದು, ಬ್ರೇಕ್ ಒತ್ತದೆ ಹಾಗೇ ಬದಿಗೆ ತಂದೆ. ಎದುರಿನಿಂದ ಗಾಡಿ ಬರುತ್ತಿರಲಿಲ್ಲ. ನಾವು ಉಳಿದದ್ದು ಅದರಿಂದ.

ಸೈಡ್‌ವಾಲ್ ಅಂಗೈ ಉದ್ದ ಹರಿದಿತ್ತು. ರಿಮ್ಮಿನ ಒಳ ಅಂಚು ಬಗ್ಗಿ ಬಿರುಕು ಬಿಟ್ಟಿತ್ತು. ಸ್ಟೆಪ್ನಿ ಹಾಕೋಣ ಎಂದರೆ ಇನ್ನೊಂದು ತೊಂದರೆ. ಈ ಅಲಾಯ್‌ಗೆ ಸಪೂರ ನಟ್ಟು, ಅದನ್ನು ಬಿಚ್ಚಲು ಬೇರೆ ಕೀ ಬೇಕು. ಗಾಡಿಯ ಪಾನಾ ಕೂರುವುದಿಲ್ಲ. ಕೀ ಮನೆಯ ಕಪಾಟಿನಲ್ಲಿತ್ತು. ತಮ್ಮನಿಗೆ ಫೋನ್ ಮಾಡಿದೆ. ಅವನು ಶಿರಸಿ ಬಸ್‌ಸ್ಟ್ಯಾಂಡಿಗೆ ಹೋಗಿ ಕುಮಟಾ ಬಸ್ಸಿನ ಕಂಡಕ್ಟರ್ ಕೈಲಿ ಕೀ ಕೊಟ್ಟು ಕಳಿಸಿದ. ವಯಸ್ಸಾದವರನ್ನು ಕಾರಿನಲ್ಲಿ ಕೂರಿಸಿ ಮಳೆಯಲ್ಲಿ ಮೂರು ತಾಸು ಕಾದೆವು. ಬಸ್ ನಿಲ್ಲಿಸಿ ಕೀ ಕೊಟ್ಟ ಆ ಕಂಡಕ್ಟರ್, ಜೊತೆಗೆ ನಿಂತು ಜಾಕ್ ಹಿಡಿದ ಕತಗಾಲದ ಗೂಡ್ಸ್ ರಿಕ್ಷಾದವರು, ಇಬ್ಬರನ್ನೂ ಮರೆಯುವುದಿಲ್ಲ. ಬೇರೆ ನಟ್ಟು ಹಾಕಿಸಿದ್ದರೆ ಕೀಯನ್ನು ಡಿಕ್ಕಿಯಲ್ಲೇ ಇಡಿ.

ಮಾರನೇ ದಿನ ಕುಮಟಾದ ಒಂದು ಟೈರ್ ಅಂಗಡಿಗೆ ಹೋದೆ. ಅಲ್ಲಿಯ ಹಿರಿಯರು ಹರಿದ ಟೈರನ್ನು ನೆಲಕ್ಕೆ ಹಾಕಿ, "ಅಲ್ರಾ ಮಾರಾಯ್ರೇ, ಇದು ಹೊಂಡಕ್ಕೆ ಒಡದದ್ದಲ್ಲ, ಇಲ್ಲಿ ನೋಡಿ" ಎಂದು ಬೆರಳಿಟ್ಟು ತೋರಿಸಿದರು. ಟೈರಿನ ಹೊರ ಭುಜದ ಸುತ್ತಲೂ ರಬ್ಬರ್ ಸವೆದು ಒಳಗಿನ ನೂಲು ಕಾಣುತ್ತಿತ್ತು. ಮಡ್‌ಗಾರ್ಡ್ ಅಂಚು ನಾಲ್ಕು ತಿಂಗಳಿಂದ ಅದನ್ನು ಕತ್ತರಿಸುತ್ತಾ ಬಂದಿದೆ. ಸೈಡ್‌ವಾಲ್ ಎತ್ತರವೂ 120 ಎಂಎಂ ಇದ್ದದ್ದು 92ಕ್ಕೆ ಇಳಿದಿತ್ತು. ಹೊಂಡದ ಅಂಚಿಗೂ ರಿಮ್ಮಿಗೂ ನಡುವೆ ಟೈರ್ ಸಿಕ್ಕಿಬಿದ್ದಾಗ ತಡೆದುಕೊಳ್ಳಲು ಅಲ್ಲಿ ಏನೂ ಉಳಿದಿರಲಿಲ್ಲ. ನಮ್ಮ ಜಿಲ್ಲೆಯ ಮಳೆಗಾಲದ ರಸ್ತೆಗೆ ಆ 28 ಎಂಎಂ ಬಹಳ ದೊಡ್ಡದು.

ಅವರು ಇನ್ನೊಂದು ಅಂಕಿ ತೋರಿಸಿದರು. ಟೈರ್ ಮೇಲೆ ಸಣ್ಣ ಉದ್ದುರುಟು ಗೆರೆಯೊಳಗೆ 2317 ಎಂದಿತ್ತು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2017ರ 23ನೇ ವಾರ ತಯಾರಾದ ಟೈರನ್ನು 2022ರಲ್ಲಿ ಹೊಸದು ಎಂದು ನನಗೆ ಮಾರಿದ್ದರು. ಈ ವಿಷಯದಲ್ಲಿ ನನಗೆ ಇನ್ನೂ ಸಿಟ್ಟಿದೆ. ಹೇಳಿ ಮಾರಬಹುದಿತ್ತು.

ಟೈರ್ ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ ಅಂಕಿ, ಲೋಡ್ ಇಂಡೆಕ್ಸ್, ಕೂಡ ಕಡಿಮೆ ಇತ್ತು. ಹಳೆಯ ಟೈರಿನಲ್ಲಿ 88, ಅಂದರೆ ಒಂದು ಟೈರಿಗೆ 560 ಕೆಜಿ. ಹೊಸದರಲ್ಲಿ 84, ಅಂದರೆ 500 ಕೆಜಿ. ಸಣ್ಣ ಕಾರಿಗೆ 500 ಸಾಕಲ್ವಾ ಎಂದು ಕೇಳಿದೆ. ಆ 500 ಪೂರ್ತಿ ಗಾಳಿ ಇದ್ದಾಗ ಮಾತ್ರ, ನೀವು ಬಾಗಿಲ ಬಳಿ ಸ್ಟಿಕರ್ ಮೇಲಿದ್ದಷ್ಟೇ ಗಾಳಿ ಹಾಕಿಸಿದ್ದೀರಿ, ಅದು ಹಳೆಯ ಸೈಜಿಗೆ ಬರೆದದ್ದು ಎಂದರು. ಈ ಅಂಕಿ ಕಂಪನಿ ಕೊಟ್ಟದ್ದಕ್ಕಿಂತ ಇಳಿಯಲೇಬಾರದು. ಅದೇ 205/45 ಆರ್17ನಲ್ಲಿ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವಂಥದ್ದು) ಎಂದು ಬರೆದ, 88 ಇರುವ ಟೈರ್ ಬರುತ್ತದೆ. ನನಗೆ ಕೇಳಲು ಗೊತ್ತಿರಲಿಲ್ಲ, ಅವರು ಹೇಳಲಿಲ್ಲ.

ಮುಂದಿನ ಎರಡು ಟೈರುಗಳ ಒಳ ಅಂಚು ನುಣ್ಣಗಾಗಿತ್ತು. ಕಾರು ತಗ್ಗಿಸಿದಾಗ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೂಡ ಬದಲಾಗುತ್ತದೆ. ಸ್ಪ್ರಿಂಗ್ ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ನನಗೆ ಮಾಡಿಕೊಟ್ಟಿರಲಿಲ್ಲ. ಹೊರಗಿನಿಂದ ನೋಡಿದರೆ ಗ್ರಿಪ್ ಚೆನ್ನಾಗಿಯೇ ಕಾಣುತ್ತದೆ, ಒಳಗಡೆ ಕೈ ಹಾಕಿ ಸವರಿದರೆ ಮಾತ್ರ ತಿಳಿಯುತ್ತದೆ. ಮಳೆಯಲ್ಲಿ ಇದು ಇನ್ನೂ ಅಪಾಯ. ಅಗಲ ಟೈರ್ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ, ಗ್ರಿಪ್ ಸವೆದಿದ್ದರೆ ನೀರು ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಚಕ್ರ ಹೊರಗೆ ಬಂದಿದ್ದರಿಂದ ಒಂದು ಬದಿ ನೀರಿಗೆ ಇಳಿದಾಗಲೆಲ್ಲ ಸ್ಟೇರಿಂಗ್ ಆ ಕಡೆಗೇ ಎಳೆಯುತ್ತಿತ್ತು. ಮಿರ್ಜಾನ ಹತ್ತಿರ ಹೆದ್ದಾರಿಯಲ್ಲಿ ನನಗೆ ಇದು ಎರಡು ಸಲ ಆಗಿದೆ.

ಎಂಬತ್ತರ ವೇಗದಲ್ಲಿ ಸ್ಟೇರಿಂಗ್ ನಡುಗುತ್ತಿತ್ತು, ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಿರಲಿಲ್ಲ. ಅದಕ್ಕೂ ಕಾರಣ ಕುಮಟಾದಲ್ಲೇ ಸಿಕ್ಕಿತು. ನನ್ನ ಕಾರಿನ ಹಬ್ 54.1 ಎಂಎಂ, ಅಲಾಯ್ ನಡುವಿನ ತೂತು 73.1. ಆ ಸಂದಿ ತುಂಬಿ ಚಕ್ರವನ್ನು ಸರಿ ನಡುವಿಗೆ ಕೂರಿಸುವ ಉಂಗುರ ಬರುತ್ತದೆ, ಕೆಲವೇ ನೂರು ರೂಪಾಯಿ. ಅದನ್ನು ಹಾಕಿರಲೇ ಇಲ್ಲ. ಇನ್ನೊಂದು, ನಟ್ಟಿನ ಮರೆ, ಅಂದರೆ ಥ್ರೆಡ್. ಕೆಲವು ಕಾರುಗಳದ್ದು 12×1.25, ಕೆಲವದ್ದು 12×1.5; ಮೊದಲ ಅಂಕಿ ದಪ್ಪ, ಎರಡನೆಯದು ಮರೆಗಳ ನಡುವಿನ ಅಂತರ, ಎರಡೂ ಎಂಎಂ. ನೋಡಲು ಒಂದೇ ಥರ. ತಪ್ಪು ನಟ್ಟು ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ, ನಟ್ಟು ಬಿಗಿಯುವ ಗನ್ ಹಾಕಿ ತಿರುಗಿಸಿದರೆ ಮರೆ ಹಾಳು. ಕೈಯಲ್ಲೇ ಪೂರ್ತಿ ಹೋಗುವವರೆಗೆ ಗನ್ ಮುಟ್ಟಲು ಬಿಡಬೇಡಿ.

ಹುಬ್ಬಳ್ಳಿಗೆ ಫೋನ್ ಮಾಡಿದಾಗ ಮಡ್‌ಗಾರ್ಡ್ ಅಂಚನ್ನು ಒಳಗೆ ಮಡಚಿ ಕೊಡುತ್ತೇವೆ ಎಂದರು. ಬೇಡ ಎಂದೆ. ಮಡಚಿದಲ್ಲಿ ಪೇಂಟ್ ಬಿರುಕು ಬಿಡುತ್ತದೆ. ಕರಾವಳಿಯ ಉಪ್ಪು ಗಾಳಿಗೆ ಅಲ್ಲಿಂದಲೇ ತುಕ್ಕು ಶುರು.

ಕುಮಟಾದವರು ತೋರಿಸಿಕೊಟ್ಟ ಒಂದು ಪರೀಕ್ಷೆ ಇದೆ, ಇದನ್ನು ಯಾರು ಬೇಕಾದರೂ ಮಾಡಬಹುದು. ಮಡ್‌ಗಾರ್ಡ್ ಅಂಚಿನ ಒಳಗೆ ಕಲಸಿದ ಗೋಧಿ ಹಿಟ್ಟನ್ನು ಸಣ್ಣ ಸಣ್ಣ ಉಂಡೆ ಮಾಡಿ ಅಂಟಿಸಿ. ಕಾರಿನಲ್ಲಿ ಐದು ಜನ ಕೂತು ನಿಧಾನವಾಗಿ ಹಂಪ್ ದಾಟಿಸಿ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಹಿಂದೆ ಮುಂದೆ ಮಾಡಿ. ಉಂಡೆ ಚಪ್ಪಟೆಯಾಗಿದ್ದರೆ ಜಾಗ ಕಡಿಮೆ, ಹಾರಿಹೋಗಿದ್ದರೆ ಟೈರ್ ತಾಗುತ್ತಿದೆ. ಅಂಗಡಿಯವರು ಇದಕ್ಕೆ ಒಪ್ಪದಿದ್ದರೆ ದುಡ್ಡು ಕೊಡಬೇಡಿ, ಎದ್ದು ಬನ್ನಿ.

ಅಲಾಯ್ ಬೇಕೇ ಬೇಕು ಎನ್ನುವವರಿಗೆ ಅವರು ಹೇಳಿದ ಸೈಜು 195/55 ಆರ್16. ಎತ್ತರ 621 ಎಂಎಂ, ಹಳೆಯದರಷ್ಟೇ. 6 ಇಂಚಿನ ರಿಮ್, ಇಟಿ 42 ಆದರೆ ಹೊರಗೆ ಬರುವುದು ಸುಮಾರು 9 ಎಂಎಂ ಮಾತ್ರ. ಇದು ನನ್ನ ಕಾರಿನ ಲೆಕ್ಕ. ನಿಮ್ಮ ಹಳೆಯ ರಿಮ್ ಬಿಚ್ಚಿ ಒಳಗಿನ ಅಂಕಿ ನೋಡಿ ನಿಮ್ಮದನ್ನು ನೀವೇ ಮಾಡಿ. ಲೋಡ್ ಇಂಡೆಕ್ಸ್ ಇಲ್ಲೂ ನೋಡಲೇಬೇಕು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯ ವಿವರ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಏನು ಬದಲಿಸುವುದಿದ್ದರೂ ಮೊದಲು ಆರ್‌ಟಿಒದಲ್ಲೂ ಇನ್ಶೂರೆನ್ಸ್‌ನವರಲ್ಲೂ ಕೇಳಿ, ಬರಹದಲ್ಲಿ ಇಟ್ಟುಕೊಳ್ಳಿ. ನಾನು ಕೇಳಿರಲಿಲ್ಲ. ಹಾಗಾಗಿ ಕ್ಲೇಮ್ ಮಾಡುವ ಧೈರ್ಯವೂ ಆಗಲಿಲ್ಲ.

ಈಗ ನನ್ನ ಕಾರು ಹಳೆಯ ಸ್ಪ್ರಿಂಗ್, ಹಳೆಯ ರಿಮ್, ಹೊಸ 185/65 ಆರ್15 ಟೈರಿನ ಮೇಲೆ ಓಡುತ್ತಿದೆ. ಉಳಿದ ಮೂರು ಅಲಾಯ್ ಕೊಳ್ಳುತ್ತೇನೆ ಎಂದು ಹೋದ ತಿಂಗಳು ಬನವಾಸಿ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. ಅವನದ್ದೂ ಇಂಥದ್ದೇ ಕಾರು, ಆಗಲೇ ತಗ್ಗಿಸಿದ್ದಾನಂತೆ. ಕೊಡುವುದಿಲ್ಲ ಎಂದೆ, ಬಂದು ಟೈರ್ ನೋಡಿ ಹೋಗು ಎಂದೆ. ಆ ಭಾನುವಾರ ಬಂದ. ಅಡಿಕೆ ಚೀಲಗಳ ಪಕ್ಕ ಇಟ್ಟಿದ್ದ ಟೈರನ್ನು ಹೊರಳಿಸಿ, ಸವೆದ ಭುಜದ ಮೇಲೆ ಕೈಯಾಡಿಸಿ ನೋಡಿದ. ಆಮೇಲೆ ಅಂಗಳಕ್ಕೆ ಇಳಿದು ತನ್ನ ಕಾರಿನ ಹಿಂದಿನ ಮಡ್‌ಗಾರ್ಡ್ ಒಳಗೆ ಕೈ ಹಾಕಿದ. ಅಲ್ಲಿ ಪೇಂಟ್ ಹೋಗಿ ತಗಡು ಹೊಳೆಯುತ್ತಿತ್ತು.